ಎಡಗಡೆ ದೀಪ

ನಮ್ಮ ಶಿರಸಿಗೆ ರೈಲಿಲ್ಲ. ಆದ್ರೂ ದಿನಾ ಎರಡು ಮೂರು ರೈಲು ಬಿಡೋ ಮನುಷ್ಯಾ ಈ ಊರಾಗ ಯಾರರ ಇದ್ರ ಅದು ನಾನ. ಇದು ನನ್ನ ಮಾತಲ್ಲ, ಬಸ್ ಸ್ಟ್ಯಾಂಡ್ ಎದುರಿನ ಚಾದಂಗಡ್ಯಾಗ ಯಾರನ್ನ ಕೇಳಿದ್ರೂ ಹೇಳ್ತಾರ. ಮೂವತ್ತು ವರ್ಷ ಬಸ್ಸಿನಾಗ ಕಂಡಕ್ಟರ್ ಆಗಿದ್ನಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಾಗ ನನ್ನ ಸುಳ್ಳಿಗೆ ಒಮ್ಮೆನೂ ಬೀಳದಾಂವ ಸಿಗೂದು ಕಷ್ಟ. ಒಂದ್ಸಲ ನಮ್ಮ ಡ್ರೈವರನ ಹೆಂಡ್ತಿಗೆ ಫೋನ್ ಮಾಡಿ, ವೈನಿ, ನಿಮ್ಮ ಯಜಮಾನ್ರಿಗೆ ಬೀದರಿಗೆ ವರ್ಗ ಆತು ಅಂದುಬಿಟ್ಟಿದ್ನಿ. ಅಕಿ ಅಳಕೋಂತ ಟ್ರಂಕ್ ತುಂಬಿ, ಉಪ್ಪಿನಕಾಯಿ ಭರಣಿಗೆ ಹಗ್ಗ ಹಾಕಿ ಕಟ್ಟಿ, ಬಾಗಿಲಾಗ ಕೂತಿದ್ಲು. ಆ ಭರಣಿ ಕತಿ ಹೇಳಿ ಹೇಳಿ ಭಾಳ ವರ್ಷ ನಗಿಸೇನಿ. ಈಗ ಹೇಳೂದಿಲ್ಲ.

ಆ ಡ್ರೈವರ್ ಕೋಲಸಿರ್ಸಿಯಾಂವ. ನಾ ಬನವಾಸಿ ಕಡ್ಯಾಂವ. ನಾ 'ಏನ್ಲೇ' ಅಂದ್ರ ಅಂವ 'ಎಂತ ಮಾರಾಯ' ಅಂತಿದ್ದ, ಒಂದ ಬಸ್ಸಿನಾಗ ಎರಡು ಭಾಷಾ. ಯಲ್ಲಾಪುರ ರೋಡಿನ ಒಂದೊಂದು ತಿರುವೂ ಅಂವಗ ತನ್ನ ಹಿತ್ತಲಿದ್ದಂಗ ಗೊತ್ತಿತ್ತು. ಇಡಗುಂದಿ ಕಡೆ ಎದುರಿಗೆ ಲಾರಿ ಬಂದ್ರ ಅಂವ ಬಲಗಡೆ ನೋಡ್ತಿದ್ದ, ನಾ ಬಾಗಿಲಾಗ ಜೋತುಬಿದ್ದು ಎಡಗಡೆ ಚರಂಡಿ ನೋಡ್ತಿದ್ನಿ. ಕೆಲಸಕ್ಕ ಸೇರಿದ ಮೊದಲನೇ ದಿನ ಅಂವ ಹೇಳಿದ್ದು ಅದ. "ಬಲಗಡೆ ನಂದು, ಎಡಗಡೆ ನಿಂದು. ನಿನ್ನ ಸೀಟಿ ಇಲ್ದೆ ನಾ ಗಾಡಿ ಎತ್ತೋದಿಲ್ಲ." ಒಂದು ಸೀಟಿ ಹೊಡದ್ರ ನಿಲ್ಲಬೇಕು, ಎರಡು ಹೊಡದ್ರ ಹೋಗಬೇಕು. ಎಷ್ಟ ಚೇಷ್ಟೆ ಮಾಡಿದ್ರೂ ಸೀಟಿ ಜೋಡಿ ಮಾತ್ರ ನಾ ಆಟ ಆಡಿಲ್ಲ.

ನಿವೃತ್ತಿ ಆದ ಮ್ಯಾಲ ಅಂವ ಒಂದು ಹಳೇ ವ್ಯಾನ್ ಇಟ್ಕೊಂಡ. ದಿನಾ ಮುಂಜಾನೆ ಕೋಲಸಿರ್ಸಿಯಿಂದ ಸಿದ್ದಾಪುರಕ್ಕ ಹೋಗಾಂವ. ಹೋಗೋವಾಗ ಅಂಗಡಿ ಕೆಲಸದ ಹೆಣ್ಮಕ್ಕಳು, ಆಸ್ಪತ್ರೆಗೆ ಹೊಂಟ ಮುದುಕ್ರು, ಯಾರು ಕೈ ಮಾಡ್ತಾರೋ ಅವ್ರನ್ನೆಲ್ಲ ಹತ್ತಿಸ್ಕೋತಿದ್ದ. ಸ್ಟೇರಿಂಗ್ ಬಿಟ್ರ ತಾ ಬರೇ ಹೊಟ್ಟೀ ಹೊತ್ತ ಮನುಷ್ಯಾ ಅಂತ ಹೇಳ್ತಿದ್ದ. ಮಂಗಳವಾರ ಶಿರಸಿ ಸಂತಿಗೆ ಬಂದಾಗ ನಮ್ಮ ಮನಿಗೆ ಬಂದು ಕಷಾಯ ಕುಡದು ಹೋಗೋದು ರೂಢಿ.

ನನಗ ವಿಮಾನದ ಹುಚ್ಚು ಹಿಡದದ್ದು ಅಳಿಯನಿಂದ. ಅಂವ ಶಿರಸ್ಯಾಗ ಮದುವಿ ವಿಡಿಯೋ ಮಾಡ್ತಾನ. ಹೊಸಾ ಕಂಪ್ಯೂಟರ್ ತಗೊಂಡಾಗ ಹಳೇದನ್ನ ನನಗ ಕೊಟ್ಟ. ಅದರಾಗಿನ ಗ್ರಾಫಿಕ್ ಕಾರ್ಡ್ ದೊಡ್ಡದು, ವಿಮಾನ ಹಾರಿಸೋ ಆಟ ಚಲೋ ಓಡ್ತದ ಅಂದ. ವಿಂಡೋಸ್ ಹಾಕ್ಲೇನು ಅಂತ ಕೇಳಿದ. ಅದು ಎಲ್ಲಾರ ಮನ್ಯಾಗೂ ಐತಿ, ನನಗ ಬ್ಯಾಡ, ಲಿನಕ್ಸ್ ಹಾಕು ಅಂದ್ನಿ. ಲಿನಕ್ಸ್ ಅಂದ್ರೇನು ಅಂತ ನನಗೂ ಗೊತ್ತಿದ್ದಿಲ್ಲ. ಚಾದಂಗಡ್ಯಾಗ ಬಾಯಿ ಮುಚ್ಚಿಸಾಕ ಒಂದು ಹೊಸಾ ಶಬ್ದ ಬೇಕಾಗಿತ್ತು, ಅಷ್ಟ. ಹುಬ್ಬಳ್ಳಿಯಿಂದ ಯಾರೋ ಬಳಸಿ ಬಿಟ್ಟ ವಿಆರ್ ಹೆಡ್‌ಸೆಟ್ ಒಂದು ತರಿಸಿದ್ನಿ. ಕಣ್ಣಿಗೆ ಕಟ್ಕೊಂಡು ತಲಿ ತಿರುವಿದ್ರ ವಿಮಾನದ ಒಳಗ ಕೂತಂಗ ಆಗ್ತದ. ಹುಬ್ಬಳ್ಳಿಯಾಗ ಏರಿ, ಯಲ್ಲಾಪುರದ ಕಾಡಿನ ಮ್ಯಾಲ ಹಾದು, ನಮ್ಮ ಬಸ್ಸಿನ ರೋಡು ಹುಡುಕಿ ಹುಡುಕಿ ತಿರುಗಿ ಬಂದು ಇಳಿಸಿದ್ನಿ. ವಿಮಾನ ಇಳಿಸಿದ ಕಂಡಕ್ಟರ್ ಈ ಜಿಲ್ಲಾದಾಗ ಇನ್ನೊಬ್ಬ ಇದ್ರ ತೋರಸ್ರಿ.

ಡ್ರೈವರ್ ಸಾಹೇಬ್ರ ಕಣ್ಣಿಗೂ ಹೆಡ್‌ಸೆಟ್ ಕಟ್ಟಿದ್ನಿ. ಅಂವ ಅದಕ್ಕ 'ಡಬ್ಬಿ' ಅಂತಿದ್ದ. ವಿಮಾನ ಏರಿಸಿದ್ದು ಚಂದಾಗೇ ಏರಿಸಿದ. ಇಳಿಸೋವಾಗ ಮಾತ್ರ ಎಡಕ್ಕ ಎಡಕ್ಕ ಸರದು ಹುಲ್ಲಿನ್ಯಾಗ ನುಗ್ಗಿಸಿದ.

"ಎಂತ ಮಾರಾಯ, ಎಡಬದಿ ದೀಪಾನೇ ಇಲ್ಲ. ತಲೆ ತಿರುಗಿಸಿದ್ರೆ ಹತ್ತತದೆ, ಎದುರು ನೋಡಿದ್ರೆ ಆರ್ತದೆ. ಯಾವ ಕಂಟ್ರಾಕ್ಟರ್ ಹಾಕಿದ್ದು ಇದನ್ನ?"

ರನ್‌ವೇ ಎರಡೂ ಬದಿಗೆ ದೀಪದ ಸಾಲು ಇರ್ತದ, ಅಂವಗ ಬಲಗಡೆದಷ್ಟ ಕಂಡಿತ್ತು. ಅಳಿಯಗ ಫೋನ್ ಮಾಡಿದ್ನಿ. ಅಂವ ಎಲ್ಲಾ ಕೇಳಿಸ್ಕೊಂಡು, "ಮಾವಾ, ಅದು ಡ್ರೈವರ್ ಪ್ರಾಬ್ಲೆಮ್ಮು" ಅಂದ. ಕಂಪ್ಯೂಟರಿಗೂ ಹೆಡ್‌ಸೆಟ್ಟಿಗೂ ನಡುವ ಮಾತು ಮುಟ್ಟಿಸೋ ಸಾಫ್ಟ್‌ವೇರಿಗೆ ಡ್ರೈವರ್ ಅಂತಾರಂತ. ಲಿನಕ್ಸಿನಾಗ ಈ ಹೆಡ್‌ಸೆಟ್ಟಿಗೆ ಸರಿಯಾದ್ದು ಇಲ್ಲಂತ, ಅದಕ್ಕ ಚಿತ್ರ ನಡುಗ್ತದಂತ. ನನಗ ಇಷ್ಟ ಸಾಕಿತ್ತು. ಆ ವಾರ ಪೂರ್ತಿ ಚಾದಂಗಡ್ಯಾಗ ನನ್ನದ ರಾಜ್ಯ. ಮೂವತ್ತು ವರ್ಷ ಬಸ್ ಹೊಡದಾಂವನ್ನ ಕಂಪ್ಯೂಟರ್ ನೋಡಿ, ಡ್ರೈವರ್ ಸರಿ ಇಲ್ಲ ಅಂತ ವಾಪಸ್ ಕಳಿಸೇತಿ ಅಂತ ಹೇಳಿ ನಗಿಸಿದ್ನಿ. ಅಂವನೂ ಹೊಟ್ಟಿ ಹಿಡ್ಕೊಂಡು ನಕ್ಕ.

ಆಮ್ಯಾಲ ಜಂಭ ಬಿಟ್ಟು ವಿಂಡೋಸ್ ಹಾಕಿಸಿದ್ನಿ. ಚಿತ್ರ ನಡುಗೋದು ನಿಂತಿತು. ಮುಂದಿನ ಮಂಗಳವಾರ ಅಂವ ಮತ್ತ ಎಡಗಡೆ ಹುಲ್ಲಿಗೇ ಇಳಿಸಿದ. ಲೆನ್ಸು ಅಂವನ ಕಣ್ಣಿನ ಅಂತರಕ್ಕ ಸರಿ ಕೂತಿಲ್ಲ ಅಂತ ಹಿಂದ ಮುಂದ ಸರಿಸಿದ್ವಿ. ಅದ ಹೊತ್ತಿಗೆ ವಿಂಡೋಸ್ ತಾನ ಅಪ್ಡೇಟ್ ಆತು. ಹೊಸದರಾಗ ಆ ಹಳೇ ಜಾತಿ ಹೆಡ್‌ಸೆಟ್ಟಿಗೆ ಜಾಗಾನ ಇಲ್ಲಂತ, ಡಬ್ಬಿ ಖರೇನ ಡಬ್ಬಿ ಆಗಿ ಕೂತಿತು. ಅಳಿಯ ಯಾರ ಹತ್ರನೋ ಬೇರೆ ನಮೂನಿದು ಇಸ್ಕೊಂಡು ಬಂದ. ಹಗೂರದ್ದು, ವಾಯರ್ ಇಲ್ಲದ್ದು. ನಾ ಹಾಕ್ಕೊಂಡು ನೋಡಿದ್ನಿ, ಎರಡೂ ಸಾಲು ಬೆಳ್ಳಿ ಸರದಂಗ ಕಂಡವು. ಡ್ರೈವರ್ ಹಾಕ್ಕೊಂಡ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲಿ ತಿರುವಿ, "ಇದೂ ಸರಿ ಇಲ್ಲ" ಅಂದ.

ಕಂಪ್ಯೂಟರ್ ಬದಲಾಗಿತ್ತು, ಹೆಡ್‌ಸೆಟ್ ಬದಲಾಗಿತ್ತು, ಬದಲಾಗದ್ದು ಅಂವ ಒಬ್ಬ. ಅದು ನನ್ನ ತಲಿಗೆ ಆಗ ಹೊಳೀತು.

ಅಂವ ಡಬ್ಬಿ ತಗದು ಕಿಡಕಿ ಕಡೆ ಮುಖ ಮಾಡಿ ಕೂತಿದ್ದ. ನಾ ಕಷಾಯದ ಲೋಟ ತಂದು ಅಂವನ ಎಡಗಡೆ ಹಿಡದ್ನಿ, ಮಾತಾಡ್ಲಿಲ್ಲ. ಅಂವ ತಗೊಳ್ಳಲಿಲ್ಲ. ಇನ್ನಷ್ಟು ಮುಂದ ತಂದ್ನಿ. ಅಂವ ಸಂತ್ಯಾಗ ಮೆಣಸಿನಕಾಯಿ ಹೆಂಗ ಇತ್ತು ಅಂತ ಹೇಳ್ಕೋಂತನ ಇದ್ದ. ಲೋಟದ ಬಿಸಿ ಗಲ್ಲಕ್ಕ ಹತ್ತಿದಾಗ ಬೆಚ್ಚಿಬಿದ್ದ. ಬ್ಯಾರೆ ದಿನ ಆಗಿದ್ರ ಅದು ಒಂದು ವಾರದ ನಗು.

ಕಣ್ಣು ತೋರಿಸು ಅಂದ್ನಿ. ಬೈದ್ನಿ, ಕೈ ಮುಗದ್ನಿ. ತನಗ ಪೇಪರ್ ಕನ್ನಡಕ ಇಲ್ದ ಓದಾಕ ಬರ್ತದ ಅಂದ. ಖರೆ, ಎದುರಿಗಿದ್ದದ್ದು ಅಂವಗ ಚಲೋನ ಕಾಣ್ತಿತ್ತು. ಹೊಂಟು ನಿಂತು, ವ್ಯಾನಿನ ಚಾವಿ ಕೈಯಾಗ ಹಿಡ್ಕೊಂಡು ಅಂದ:

"ನಿನ್ನ ಡಬ್ಬಿ ಎಷ್ಟು ಬೇಕಾರೆ ಬದ್ಲು ಮಾಡು. ನನ್ನ ಕಣ್ಣಿನ ಸುದ್ದಿಗೆ ಬರಬೇಡ."

ಅಂವ ಹೋದ ಮ್ಯಾಲ ವೈನಿಗೆ ಫೋನ್ ಹಚ್ಚಿದ್ನಿ. ನಾಳೆ ಮುಂಜಾನೆ ಆ ವ್ಯಾನಿನಾಗ ಎಷ್ಟು ಮಂದಿ ಇರ್ತಾರ ಅನ್ನೋದ ನನ್ನ ಕಣ್ಣ ಮುಂದ ಇತ್ತು. ಎಲ್ಲಾ ಹೇಳಿದ್ನಿ. ಆ ಕಡಿಂದ ನಗು ಕೇಳಿತು.

"ಅಣ್ಣಾ, ಬೀದರಿಗೆ ಕಳಿಸಿದ್ದು ಸಾಕಾಗ್ಲಿಲ್ವ? ಈಗ ಕಣ್ಣನ್ನೇ ತೆಗಿತ್ರಾ?"

ಆಣಿ ಮಾಡಿದ್ನಿ. ಬೀದರ್ ಸುದ್ದಿ ಹೇಳೋವಾಗೂ ಆಣಿ ಮಾಡಿದ್ರಿ ಅಂದ್ಲು. ಅದು ಖರೇನ.

ಮರುದಿನ ಮೊದಲನೇ ಬಸ್ಸಿಗೆ ಸಿದ್ದಾಪುರಕ್ಕ ಹೋಗಿ, ಅಲ್ಲಿಂದ ಕೋಲಸಿರ್ಸಿಗೆ ಹೋದ್ನಿ. ವ್ಯಾನ್ ಹೊಂಟು ನಿಂತಿತ್ತು. ಒಳಗ ಐದು ಮಂದಿ. ನನ್ನ ನೋಡಿ ಅಂವ ಮುಖ ತಿರುವಿ ಇಂಜಿನ್ ಚಾಲೂ ಮಾಡಿದ. ಮುಂದಿನ ಎಡಗಡೆ ಸೀಟಿನಾಗ ಕೂತಿದ್ದ ಅಜ್ಜಿನ್ನ ಹಿಂದ ಕೂಡಿಸಿ ನಾ ಕೂತ್ನಿ. ಕಂಡಕ್ಟರ್ ಇದ್ದಾಗಿನ ಹಳೇ ಸೀಟಿ ಕಿಸೇದಾಗ ಇತ್ತು. ಹಿಂದಿನವ್ರು, ಕಂಡಕ್ಟರ್ ಬಂದ, ಟಿಕೀಟ್ ತಗೊಳ್ರಿ ಅಂತ ಚೇಷ್ಟೆ ಮಾಡಿದ್ರು. ನಾ ಬಾಗಿಲ ಕಡೆ ನೋಡ್ಕೋಂತ ಎರಡು ಸೀಟಿ ಹೊಡದ್ನಿ. ಅಂವ ಗಾಡಿ ಎತ್ತಿದ. ಸಿಟ್ಟಿನ್ಯಾಗೂ ಕಾಲು ಸೀಟಿ ಮಾತು ಕೇಳ್ತದ ನೋಡ್ರಿ.

ಗದ್ದಿ ದಾಟಿ ಸಣ್ಣ ತಿರುವು ಬರ್ತದ. ಎಡಗಡೆ ಕಾಲುದಾರಿಯಿಂದ ಒಬ್ಬಾಕಿ ತಲಿ ಮ್ಯಾಲ ಹುಲ್ಲಿನ ಹೊರಿ ಹೊತ್ಕೊಂಡು ರೋಡಿಗೆ ಇಳಿಯಾಕ ಹತ್ತಿದ್ಲು. ಹೊರಿ ಕಣ್ಣಿಗೆ ಅಡ್ಡ, ಅಕಿಗೆ ವ್ಯಾನ್ ಕಾಣಸ್ಲಿಲ್ಲ. ಅಂವಗ ಅಕಿ ಕಾಣಸ್ಲಿಲ್ಲ. ಅಂವ ಗೇರ್ ಬದಲಿ ಮಾಡಿ ಇನ್ನೂ ಜೋರು ಮಾಡಿದ.

ಒಂದು ಸೀಟಿ ಹೊಡದ್ನಿ.

ಬ್ರೇಕ್ ಬಿತ್ತು. ಹಿಂದಿನವ್ರೆಲ್ಲ ಒಬ್ಬರ ಮ್ಯಾಲ ಒಬ್ರು ಬಿದ್ರು. ಈ ಮುದುಕನ ಆಟ ಮುಗಿಯೋದಿಲ್ಲ ಅಂತ ಬೈದ್ರು. ಅಂವ ಎದುರಿಗೇ ನೋಡ್ತಿದ್ದ, ಎದುರಿಗೆ ಏನೂ ಇದ್ದಿಲ್ಲ. ಆಮ್ಯಾಲ ಪೂರಾ ತಲಿ ತಿರುವಿದ. ಹುಲ್ಲಿನ ಹೊರಿ ಬಂಪರಿಗೆ ಒಂದು ಮೊಳ ದೂರದಾಗ ನಿಂತಿತ್ತು. ಅಕಿ ಹೊರಿ ಸರಿ ಮಾಡ್ಕೊಂಡು, ನಮ್ಮನ್ನ ನೋಡ್ದನ ದಾಟಿ ಹೋದ್ಲು.

ಹಿಂದ ಒಂದು ಬೈಕು ಹಾರ್ನ್ ಹೊಡೀತು. ಅಂವ ಮೆಲ್ಲಕ, "ಹೊಡಿ ಮಾರಾಯ" ಅಂದ. ಎರಡು ಸೀಟಿ ಕೇಳಾಕ ಹತ್ತಿದ್ದ.

ನಾ ಹೊಡೀಲಿಲ್ಲ. ಬೈಕು ಬದಿಗೆ ಸರದು ಮುಂದ ಹೋತು. ಹಿಂದಿನವ್ರು ಹೊತ್ತಾತು ಅಂದ್ರು. ನಾ ಹೊಡೀಲಿಲ್ಲ. ಕಡೀಕ ಅಂವ ಚಾವಿ ತಿರುವಿ ಇಂಜಿನ್ ಬಂದ್ ಮಾಡಿದ.

ಆ ವಾರನ ಅಂವನ ಕಣ್ಣು ತೋರಿಸಾಕ ಹೋದ್ವಿ. ಎರಡೂ ಕಣ್ಣಿನಾಗ ಒತ್ತಡ ಏರಿ ನರ ಸವದಾವ, ಎಡಗಡೆ ನೋಟ ಹೆಚ್ಚು ಹೋಗೇತಿ ಅಂತ ಡಾಕ್ಟರು ಹೇಳಿದ್ರು. ಹೋದದ್ದು ಬರೂದಿಲ್ಲ, ಹನಿ ಹಾಕ್ಕೊಂಡು ಇದ್ದದ್ದು ಉಳಿಸ್ಕೊಳ್ರಿ ಅಂದ್ರು. ಡಾಕ್ಟರ್ ಖೋಲಿಯಿಂದ ಹೊರಗ ಬಂದಾಗ ವೈನಿ ನನ್ನ ಮುಖ ನೋಡಲಿಲ್ಲ. ಇದೂ ನಾ ಬಿಟ್ಟ ರೈಲ ಆಗಿದ್ರ ಚಲೋ ಇತ್ತು ಅನ್ನೋದು ಅಕಿ ಮುಖದಾಗ ಇತ್ತು.

ವ್ಯಾನ್ ಈಗ ಅಂಗಳದಾಗ ನಿಂತದ. ಅಂವ ಮಂಗಳವಾರ ಬಸ್ಸಿಗೆ ಬರ್ತಾನ, ಕಷಾಯ ಕುಡೀತಾನ, ಡಬ್ಬಿ ಕೇಳೂದಿಲ್ಲ. ಸ್ಟ್ಯಾಂಡಿಗೆ ಬಿಡಾಕ ಹೋಗೋವಾಗ ನಾ ಅಂವನ ಎಡಗಡೆ ನಡೀತೀನಿ.