ಲೇಸಿಲ್ಲದ ಬೂಟು

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ಕುರಿ ಕಾಯುವವನು, ಅವ್ವ ಕೂಲಿಗೆ ಹೋಗುವವಳು, ನಾನು ಒಬ್ಬಳೇ ಮಗಳು. ಮೂರು ವರ್ಷ ರಾಯದುರ್ಗದ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದೆ. ಈಗ ಕಣೇಕಲ್ಲು ಕಡೆಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ.

ಡಿಗ್ರಿ ಸರ್ಟಿಫಿಕೇಟು ತರಲು ಹೋದ ದಿನ ಅಪ್ಪನೂ ಬಂದಿದ್ದ. ಆಗ ಮಂದೆ ರಾಯದುರ್ಗದ ಗುಡ್ಡದ ಬುಡದಲ್ಲೇ ಮೇಯುತ್ತಿತ್ತು. ಕುರಿಗಳನ್ನು ನನ್ನ ಸೋದರಮಾವನಿಗೆ ಒಪ್ಪಿಸಿ ಬಂದಿದ್ದ, ಹಿಂದೆಯೇ ನಾಯಿಯೂ ಬಂದಿತ್ತು. ಕಾಲೇಜಿನ ಮೆಟ್ಟಿಲ ಬಳಿ ಅಪ್ಪ ತನ್ನ ಚರ್ಮದ ಮೆಟ್ಟು ಬಿಟ್ಟು ಬರಿಗಾಲಲ್ಲಿ ಒಳಗೆ ಬಂದ. ಬೇಡ ಅಂದರೂ ಕೇಳಲಿಲ್ಲ. ಸರ್ಟಿಫಿಕೇಟು ಹಿಡಿದು ಹೊರಗೆ ಬಂದರೆ ವಾಚ್‌ಮನ್ ಕೋಲು ಹಿಡಿದು ನಿಂತಿದ್ದಾನೆ, ಮೆಟ್ಟಿಲಿಗೆ ಅಡ್ಡವಾಗಿ ನಾಯಿ ಮಲಗಿದೆ.

"ಯಾರ್ದ್ರೀ ಇದು? ಪ್ರಿನ್ಸಿಪಾಲ್ರನ್ನೂ ಒಳಗ ಬಿಡವಲ್ದು!"

"ಕಚ್ಚಂಗಿಲ್ರಿ," ಅಪ್ಪ ಅಂದ. "ನನ್ ಮೆಟ್ ಕಾಯಾಕತ್ತೈತಿ."

"ಆ ಹರಕು ಮೆಟ್ ಕದಿಯಾಕ ಯಾರ್ ಬರ್ತಾರ?"

"ಹಂಗನ್ನಬ್ಯಾಡ್ರಿ. ನನ್ ಮಗಳಿಗೆ ಆ ಕಾಗದ ಸಿಕ್ಕಂಗ, ಅದಕ್ಕ ಈ ಕೆಲಸ ಸಿಕ್ಕೈತಿ."

ಅದು ಅಪ್ಪ ಕಲಿಸಿದ ಕೆಲಸ. ಊಟಕ್ಕೋ ನೀರಿಗೋ ಮಂದೆ ಬಿಟ್ಟು ಹೋಗಬೇಕಾದರೆ ಮೆಟ್ಟು ಕಳಚಿ ನಾಯಿಯ ಮುಂದೆ ಇಡುತ್ತಿದ್ದ. ಆತ ತಿರುಗಿ ಬಂದು ಮೆಟ್ಟು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯುವ ತನಕ ನಾಯಿ ಏಳುವಂತಿಲ್ಲ, ಕುರಿಗಳನ್ನು ಚದುರಲು ಬಿಡುವಂತಿಲ್ಲ. ನಾಯಿಗೆ ಹೆಸರು ಇಟ್ಟಿರಲಿಲ್ಲ, "ತಮ್ಮಾ" ಎಂದೇ ಕರೆಯುತ್ತಿದ್ದ. ಗಂಡು ಮಗ ಇಲ್ಲ ಎಂದು ಯಾರಾದರೂ ಲೊಚಗುಟ್ಟಿದರೆ ನಾಯಿಯನ್ನು ತೋರಿಸಿ, "ಇಲ್ಲೇ ಅದಾನಲ್ಲ" ಅನ್ನುತ್ತಿದ್ದ.

ಅಪ್ಪ ಹೋದದ್ದು ಭತ್ತದ ಕೊಯ್ಲು ಮುಗಿದ ಕಾಲದಲ್ಲಿ. ಕಣೇಕಲ್ಲು ಕೆರೆಯ ಕೆಳಗಿನ ಗದ್ದೆಯಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದರು. ಬೆಳಗ್ಗೆ ಎದೆ ಹಿಡಿದುಕೊಂಡಿದೆ ಅಂದನಂತೆ. ಮಾವ ಆಟೋ ತಂದ. ಹತ್ತುವ ಮೊದಲು ಅಪ್ಪ ಮೆಟ್ಟು ಕಳಚಿ ನಾಯಿಯ ಮುಂದೆ ಇಟ್ಟು, "ಬರ್ತೀನಿ ತಮ್ಮಾ, ನೋಡ್ಕೋ" ಅಂದನಂತೆ. ಆಟೋ ಆಸ್ಪತ್ರೆ ಮುಟ್ಟಲಿಲ್ಲ. ನಾನು ಆಗ ಐದನೇ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ.

ಮಣ್ಣು ಮಾಡಿದ ಮೂರನೆಯ ದಿನ ಮಾವ ಬಂದು ಅಂಗಳದಲ್ಲೇ ಕೂತ.

"ಯವ್ವಾ, ಕುರಿ ನನ್ ಮಂದ್ಯಾಗ ಸೇರಿಸೀನಿ. ನಾಯಿ ಮಾತ್ರ ಏಳವಲ್ದು. ಅನ್ನ ಇಟ್ರ ಮೂಸವಲ್ದು. ಮೆಟ್ ತಗೊಳ್ಳಾಕ ಹೋದ್ರ ಹಲ್ ತೋರಿಸ್ತೈತಿ. ನೀನಾ ಬಂದು ನೋಡು."

ಹೋದೆ. ಖಾಲಿ ಗದ್ದೆ, ಕುರಿ ಹಿಕ್ಕೆ, ನಡುವೆ ನಾಯಿ. ನನ್ನನ್ನು ಕಂಡು ಬಾಲ ಆಡಿಸಿತು. ಆಮೇಲೆ ಕತ್ತು ವಾರೆ ಮಾಡಿ ನನ್ನ ಹಿಂದೆ ನೋಡಿತು, ಇನ್ನೊಬ್ಬರು ಬರುತ್ತಾರೋ ಎಂದು. ಮಣ್ಣು ಹಾಕುವಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಚಪ್ಪಲಿ ಬಿಟ್ಟು ಅಪ್ಪನ ಮೆಟ್ಟಿನೊಳಗೆ ಕಾಲಿಟ್ಟೆ. ಅವನ ಹೆಬ್ಬೆರಳಿನ ಗುಳಿ ಹಾಗೇ ಇತ್ತು, ನನ್ನ ಬೆರಳು ಅದನ್ನು ತುಂಬಲಿಲ್ಲ. ನಾಲ್ಕು ಹೆಜ್ಜೆ ನಡೆದೆ. ಐದನೆಯದಕ್ಕೆ ನಾಯಿ ಎದ್ದಿತು.

ಊರಿಗೆ ಬಂದ ಮೇಲೆ ಅದು ಮಾವನ ಮಂದೆಗೆ ಹೋಗಲಿಲ್ಲ. ಕಟ್ಟಿದರೆ ಉಣ್ಣಲಿಲ್ಲ. ದಿನವಿಡೀ ಮಂದೆಯ ಸುತ್ತ ನಡೆದ ಜೀವ ಅದು. ನಡೆಸಿಕೊಂಡು ಬಂದ ದಿನ ಎರಡು ತುತ್ತು ತಿನ್ನುತ್ತಿತ್ತು, ಇಲ್ಲದ ದಿನ ಇಲ್ಲ. ಪಕ್ಕೆಲುಬು ಎಣಿಸಬಹುದಿತ್ತು. ಅಪ್ಪನನ್ನು ಉಳಿಸಿಕೊಳ್ಳಲು ಆಗಲಿಲ್ಲ, ಇದನ್ನಾದರೂ ಉಳಿಸಿಕೊಳ್ಳಬೇಕು ಎಂದು ಹಟ ಹಿಡಿದೆ. ಶಾಲೆಗೆ ಮುಂಚೆ ಎರಡು ತಾಸು, ರಜೆ ಇದ್ದರೆ ನಾಲ್ಕು ತಾಸು, ಅಪ್ಪನ ಮೆಟ್ಟು ಹಾಕಿಕೊಂಡು ಕಾಲುವೆ ಏರಿ, ಗದ್ದೆ ಬದು, ಕೆರೆ ಕಟ್ಟೆ.

"ಮೇಡಂನೋರು ನಾಯಿ ಮೇಯಿಸಾಕ ಹೊಂಟ್ರು," ಎಂದು ದಾರಿಯಲ್ಲಿ ನಗುತ್ತಿದ್ದರು. ನಗಲಿ.

ಮೆಟ್ಟು ಮಾತ್ರ ನನ್ನ ಕಾಲಿಗಲ್ಲ. ಎರೆಮಣ್ಣಿನ ಕೆಸರಿನಲ್ಲಿ ಅದು ಉಳಿದು ಕಾಲು ಮೇಲೆ ಬರುತ್ತಿತ್ತು. ಬೆರಳ ಸಂದಿಯಲ್ಲಿ ಹುಣ್ಣಾಯಿತು. ಒಂದು ದಿನ ಕಾಲುವೆ ಏರಿ ಇಳಿಯುವಾಗ ಕಾಲು ಹೊರಳಿ ಪಾದದ ಹರಡು ಊದಿತು. ರಾಯದುರ್ಗಕ್ಕೆ ಹೋಗಿ ಬೂಟು ನೋಡಿದೆ. ಅಂಗಡಿಯವನು ಮಡಕಶಿರಾ ಕಡೆಯವನೆಂದು ಬಾಯಿ ತೆರೆದೊಡನೆ ತಿಳಿಯಿತು.

"ಸಾಯಂಕಾಲ ಬಂದಿದ್ದು ಒಳ್ಳೇದಾಯ್ತು ಬಿಡಿ ಮೇಡಂ. ಬೆಳಗ್ಗೆ ತಗೊಂಡ್ರೆ, ನಡೆದ್ಮೇಲೆ ಕಾಲು ಊದ್ಕೊಂಡು ಕಚ್ಚುತ್ತೆ. ಅಷ್ಟು ದೂರ ಯಾಕ್ ನಡೀತೀರಾ? ಡಾಕ್ಟ್ರು ಹೇಳಿದ್ರಾ, ಶುಗರ್ರಾ?"

"ಇಲ್ರಿ. ನಾಯಿ ಹೇಳೈತಿ."

ಅವನು ನಕ್ಕು ಒಳಗಿನಿಂದ ಆರು ಡಬ್ಬ ತಂದ. ಪರೀಕ್ಷೆಗೆ ಓದಿದವಳ ಹಾಗೆ ಒಂದೊಂದನ್ನೂ ನೋಡಿದೆ. ದಪ್ಪ ಕಾಲುಚೀಲ ಒಯ್ದಿದ್ದೆ. ನಿಂತಾಗ ಬೆರಳ ಮುಂದೆ ಒಂದು ಬೆರಳಷ್ಟು ಜಾಗ ಇರಬೇಕು, ನಡೆದಾಗ ಹಿಮ್ಮಡಿ ಜಾರಬಾರದು. ಹಿಮ್ಮಡಿಯ ಹಿಂಬದಿ ಗಟ್ಟಿ ಇರಬೇಕು, ಅಡಿ ಮುಂಗಾಲಿನಲ್ಲಷ್ಟೇ ಬಾಗಬೇಕು. ಒಂದು ಬೂಟನ್ನು ಬಕೆಟ್ಟಿನ ನೀರಲ್ಲಿ ಅದ್ದಿಸಿ ಒಳಗೆ ಕೈ ಇಟ್ಟೂ ನೋಡಿದೆ. ಹರಡು ಮುಚ್ಚುವ, ಎಂಟು ಜೊತೆ ತೂತಿನ, ಉದ್ದ ಲೇಸಿನ ಬೂಟು ತಂದೆ. ಡಿಗ್ರಿ ಓದಿದವಳು ಆರಿಸಿದ ಬೂಟು!

ಮಾರನೆಯ ದಿನವೇ ತಪ್ಪು ತಿಳಿಯಿತು. ಬೂಟು ಹಾಕಿ ಹೊಸ್ತಿಲು ದಾಟಿದರೆ ನಾಯಿ ಅಲುಗಲಿಲ್ಲ, ಮೆಟ್ಟಿನ ಪಕ್ಕದಲ್ಲೇ ಮಲಗಿತ್ತು. ಲೇಸು ಬಿಚ್ಚಿ, ಮೆಟ್ಟು ಹಾಕಿ ನಾಲ್ಕು ಹೆಜ್ಜೆ ನಡೆದೆ. ಎದ್ದು ಬಂತು. ಬೀದಿ ಕೊನೆಯಲ್ಲಿ ಮತ್ತೆ ಬೂಟು ಹಾಕಿ ಮೆಟ್ಟನ್ನು ಚೀಲಕ್ಕೆ ಇಳಿಸಿದೆ. ದಾರಿಯಲ್ಲಿ ಎಲ್ಲಿ ಕೂತರೂ ಅದು ಚೀಲ ಮೂಸಿ ಕುಂಯ್‌ಗುಡುತ್ತಿತ್ತು. ಮೆಟ್ಟು ತೆಗೆದು ಮುಂದಿಟ್ಟರೆ ಕಾಯಲು ಮಲಗುತ್ತಿತ್ತು. ಎಬ್ಬಿಸಬೇಕಾದರೆ ಮತ್ತೆ ಲೇಸು ಬಿಚ್ಚು, ಮೆಟ್ಟು ಹಾಕು, ನಾಲ್ಕು ಹೆಜ್ಜೆ ನಡೆ, ಲೇಸು ಕಟ್ಟು. ಕೆಸರು ಮೆತ್ತಿದ ಲೇಸಿನ ಗಂಟನ್ನು ಒಮ್ಮೆ ಹಲ್ಲಿನಿಂದ ಬಿಚ್ಚಿದೆ.

ಬೂಟು ತೊಳೆದು ಮತ್ತೆ ಅಂಗಡಿಗೆ ಹೋದೆ.

"ಏನ್ ಮೇಡಂ, ಕಚ್ತಾ?"

"ಬೂಟು ಚಲೋ ಐತ್ರಿ. ಲೇಸಿಂದ ತ್ರಾಸು. ದಾರ್ಯಾಗ ನಾಕ್ ಸಲ ಬಿಚ್ಬೇಕು, ನಾಕ್ ಸಲ ಹಾಕ್ಬೇಕು."

"ದಾರೀಲಿ ಯಾಕ್ ಬಿಚ್ತೀರಾ? ದಾರಿ ತುಂಬಾ ಗುಡಿಗಳಿದಾವಾ?"

"ಹೂನ್ರಿ," ಅಂದುಬಿಟ್ಟೆ. ಬೇರೆ ಏನು ಹೇಳಲಿ?

ಪುಣ್ಯಾತ್ಮ ಬದಲಿಸಿ ಕೊಟ್ಟ. ಎರಡೂ ಪಕ್ಕ ಎಲಾಸ್ಟಿಕ್, ಹಿಂದೆ ಬೆರಳು ತೂರಿಸಿ ಎಳೆಯಲು ಒಂದು ಪಟ್ಟಿ. ನೀರು ಹಿಡಿಯುವುದಿಲ್ಲ, ಹರಡು ಹೊರಳುವುದಿಲ್ಲ, ಒಂದೇ ಎಳೆತಕ್ಕೆ ಕಾಲಿಗೆ ಬರುತ್ತದೆ. ಮಳೆಗಾಲ ಪೂರ್ತಿ ಹಾಗೆಯೇ ನಡೆದೆವು. ಬೂಟು ಕಳಚಿ ನಾಲ್ಕು ಹೆಜ್ಜೆ ಅಪ್ಪ, ಬೂಟು ಹಾಕಿದರೆ ನಾನು. ನಾಯಿಯ ಪಕ್ಕೆ ತುಂಬಿತು. ನಾಯಿ ಈ ಮೆಟ್ಟಿನ ಹಟವೊಂದನ್ನು ಬಿಟ್ಟಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಬೈದುಕೊಂಡ ದಿನಗಳೂ ಇವೆ.

ಚಳಿ ಶುರುವಾದ ಮೇಲೆ ಒಂದು ಬೆಳಗ್ಗೆ ಕೆರೆ ಕಟ್ಟೆಯ ಮೇಲೆ ಕೂತಿದ್ದೆವು. ಮೆಟ್ಟು ಮುಂದಿತ್ತು, ನಾಯಿ ಅದರ ಪಕ್ಕ. ಹೆಡ್‌ಮಾಸ್ತರರ ಫೋನು ಬಂತು. ಶಾಲೆಗೆ ಆಫೀಸರು ಬರುತ್ತಿದ್ದಾರೆ, ಬೇಗ ಬನ್ನಿ ಎಂದರು. ಮಾತಾಡುತ್ತಲೇ ಎದ್ದು ಬಿರಬಿರನೆ ಹೊರಟೆ. ಕಟ್ಟೆ ಇಳಿದು ರಸ್ತೆಗೆ ಬಂದಾಗ ಹಿಂದಿನಿಂದ ಏದುಸಿರು ಕೇಳಿಸಿತು. ತಿರುಗಿದೆ. ನಾಯಿ ನನ್ನ ಹಿಮ್ಮಡಿಗೆ ಹತ್ತಿಕೊಂಡೇ ನಿಂತಿತ್ತು. ಕಾಲು ನೋಡಿಕೊಂಡೆ. ಬೂಟು.

ಮೆಟ್ಟು ಕಟ್ಟೆಯ ಮೇಲೆಯೇ ಇತ್ತು, ಕಾಯುವವರಿಲ್ಲದೆ.

ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ. ಖುಷಿಯಾಗಬೇಕಿತ್ತು. ಓಡಿ ಹೋಗಿ ಮೆಟ್ಟಿನ ಪಕ್ಕ ಕೂತೆ. "ಬಾರೋ ತಮ್ಮಾ," ಅಂದೆ. "ಅಪ್ಪ ಇನ್ನಾ ಬಂದಿಲ್ಲೋ." ಅದು ರಸ್ತೆಯಲ್ಲೇ ನಿಂತು ನನ್ನನ್ನು ನೋಡಿತು. ಒಮ್ಮೆ ಬೊಗಳಿತು, ಹೋಗೋಣ ಎನ್ನುವ ಹಾಗೆ. ನಾನು ಏಳಲಿಲ್ಲ. ಭೂಮಿಯ ಮೇಲೆ ಅಪ್ಪನ ದಾರಿ ಕಾಯುವ ಒಂದೇ ಒಂದು ಜೀವ ಉಳಿದಿತ್ತು. ಅದನ್ನು ನಾನೇ ದಿನಾ ನಡೆಸಿ ನಡೆಸಿ ಮರೆಸಿಬಿಟ್ಟೆ.

ಶಾಲೆಗೆ ತಡವಾಯಿತು. ಆಫೀಸರು ಕಾರಣ ಕೇಳಿದರು. ಕಾಲು ಹೊರಳಿತ್ತು ಅಂದೆ.

ಮೆಟ್ಟಿನ ಚೀಲ ಈಗ ಗೋಡೆಯ ಮೊಳೆಯಲ್ಲಿದೆ. ನಾಯಿ ಅತ್ತ ನೋಡುವುದಿಲ್ಲ. ನಾನು ಶಾಲೆಗೆ ಹೋದ ಮೇಲೆ ಹೊಸ್ತಿಲಲ್ಲಿ ಬಿಟ್ಟ ಬೂಟಿನ ಪಕ್ಕ ಮಲಗಿರುತ್ತದೆ, ಯಾರನ್ನೂ ಹತ್ತಿರ ಬಿಡುವುದಿಲ್ಲ ಎಂದು ಅವ್ವ ಹೇಳುತ್ತಾಳೆ. ನಾನು ನೋಡಿಲ್ಲ, ನೋಡುವ ಧೈರ್ಯವೂ ಇಲ್ಲ. ಸಂಜೆ ಬರುವಾಗ ಬೀದಿ ತಿರುವಿನಲ್ಲೇ ಜೋರಾಗಿ ಕೆಮ್ಮುತ್ತೇನೆ, ನಾನು ಕಣ್ಣಿಗೆ ಬೀಳುವ ಮೊದಲೇ ಅದು ಎದ್ದು ಬರಲಿ ಎಂದು.