ಐದೇಶಿಯ ಮೊರದಲ್ಲಿ ಸರ್ಕಾರಿ ಕತ್ತರಿ

ಹೆರಿಗೆಗೆ ಕರೆದವರೇ ನಾನು ಹೊಸ್ತಿಲು ದಾಟಿ ಹೊರಬಂದ ಕೂಡಲೇ ನಿಂತಿದ್ದ ಜಾಗಕ್ಕೆ ಸೆಗಣಿ ಸಾರಿಸುತ್ತಿದ್ದರು. ಅದೂ ನನ್ನ ಕಣ್ಣೆದುರಿಗೇ, ನಾನಿನ್ನೂ ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿರುವಾಗ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಸರ್ಕಾರ ನನ್ನನ್ನು ಹೆರಿಗೆ ನರ್ಸ್ ಎಂದು ಟಿಕೋಟಾಕ್ಕೆ ಹಾಕಿತ್ತು. ಅವ್ವ ವಿಜಾಪುರದ ಇಬ್ರಾಹಿಂಪುರದಲ್ಲಿದ್ದಳು. ಶನಿವಾರ ಬಸ್ಸು ಹಿಡಿದು ಹೋಗಿ ಭಾನುವಾರದ ಆರಾಧನೆ ಮುಗಿಸಿಕೊಂಡು ಬರುತ್ತಿದ್ದೆ. ಅಜ್ಜನ ಕಾಲದಲ್ಲೇ ಕ್ರಿಸ್ತನನ್ನು ನಂಬಿದ ಮನೆತನ ನಮ್ಮದು. ಊರವರಿಗೆ ಮಾತ್ರ ಅಜ್ಜನ ಹಿಂದಿನ ಜಾತಿ ಬಾಯಿಪಾಠವಾಗಿತ್ತು.

ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಅರ್ಧ ನೀರು ಮೊಣಕೈಯಿಂದ ಇಳಿದು ರವಿಕೆ ತೋಯಿಸುತ್ತಿತ್ತು. "ತಾಳಿದವರು ಬಾಳ್ಯಾರು, ಮಗಳ. ನಮ್ಮ ಕರ್ತ ಶಿಷ್ಯರ ಕಾಲ ತೊಳದಾನ, ನಿಂದೇನ ಹೆಚ್ಚಿಂದು?" ಎಂದು ಅವ್ವ ಬುದ್ಧಿ ಹೇಳುತ್ತಿದ್ದಳು. ತೊಳೆದ, ನಿಜ. ಆದರೆ ಆ ಶಿಷ್ಯರು ಆತ ಎದ್ದು ಹೋದ ಮೇಲೆ ಆ ಜಾಗಕ್ಕೆ ಸೆಗಣಿ ಸಾರಿಸಲಿಲ್ಲ. ಇದನ್ನು ಅವ್ವನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ದಿನಾ ಬೆಳಿಗ್ಗೆ ಒಂದೇ ಪ್ರಾರ್ಥನೆ ಮಾಡುತ್ತಿದ್ದೆ: ಕರ್ತನೇ, ಇವತ್ತೊಂದು ದಿನ ನನ್ನ ಬಾಯಿ ಕಾಯಿ.

ಬಾಣಂತಿಯ ಕೋಣೆಗಳೋ, ಹೇಳಬಾರದು. ಕಿಟಕಿಗೆ ಗೋಣಿಚೀಲ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ಮೂಲೆಯಲ್ಲಿ ಒಗೆಯದ ಅರಿವೆಯ ಮುದ್ದೆ. ಅಲ್ಲಿಯ ರಕ್ತ, ಹೊಲಸು ಎಲ್ಲ ನನ್ನ ಕೈಗೆ. ಅವರಿಗೆ ಅದರ ಬಗ್ಗೆ ಇದ್ದ ಹೇಸಿಕೆಗಿಂತ ನನ್ನ ಬಗ್ಗೆ ಇದ್ದ ಹೇಸಿಕೆಯೇ ಹೆಚ್ಚು.

ಊರಿನ ದೊಡ್ಡ ಮನೆಯ ಸೊಸೆಗೆ ಗಂಡುಮಗು ಆಯಿತು. ನಾನು ಕೈ ತೊಳೆದು ಬರುವಷ್ಟರಲ್ಲಿ ಆ ಮನೆಯ ಯಜಮಾನಿ ನನ್ನ ಕತ್ತರಿಯನ್ನೂ ಹೊಕ್ಕಳಬಳ್ಳಿ ಹಿಡಿಯುವ ಚಿಮಟಗಳನ್ನೂ ಮೊರದಲ್ಲಿ ಹಾಕಿ, ಮೇಲೆ ಅರಿಷಿಣ ಚೆಲ್ಲಿಬಿಟ್ಟಿದ್ದಳು. ಹೆರಿಗೆಯಾದ ಐದನೆಯ ದಿನ ಐದೇಶಿ. ಅಂದು ಸಂಜೆ ಸೆಟಿವೆವ್ವ ಎಂಬ ದೇವತೆ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಹೊಕ್ಕಳು ಕೊಯ್ದ ಕುಡುಗೋಲನ್ನು ಅಲ್ಲಿಯವರೆಗೆ ಮನೆಯಲ್ಲೇ ಇಟ್ಟು ಪೂಜಿಸುವುದು ಪದ್ಧತಿ. ಈ ಸಲ ಕೊಯ್ದದ್ದು ಸರ್ಕಾರದ ಕತ್ತರಿ. ಹಾಗಾಗಿ ಕುಡುಗೋಲಿನ ಮರ್ಯಾದೆಯೆಲ್ಲ ಅದಕ್ಕೇ ಸಂದಿತು. ಕೊಯ್ದ ಕೈಗೆ ಮಾತ್ರ ಮೇಲಿನಿಂದ ನೀರು.

ನನ್ನ ಹತ್ತಿರ ಬೇರೆ ಕತ್ತರಿ ಇರಲಿಲ್ಲ. ದಿನಾ ಹೋಗಿ ಕೇಳಿದೆ. "ಐದೇಶಿ ಆಗೂತನಕ ಅದು ಹೊಸ್ತಿಲಾ ದಾಟಂಗಿಲ್ಲ" ಎಂದು ಯಜಮಾನಿ ಒಳಗಿನಿಂದಲೇ ಹೇಳಿ ಕಳಿಸಿದಳು.

ಐದೇಶಿಯ ದಿನ ಬೆಳಿಗ್ಗೆ ಬಬಲೇಶ್ವರದ ದಾರಿಯ ಕುರಿಹಟ್ಟಿಯಿಂದ ಒಬ್ಬ ಓಡಿ ಬಂದ. "ಬಾಯಾರ, ಲಗೂ ಬರ್ರಿ. ನನ್ನ ಹೆಂಡ್ತಿಗೆ ಬ್ಯಾನಿ ಜೋರ ಆಗ್ಯಾವ್ರಿ" ಎಂದ. ಅವನ ಹಿಂದಿನ ಎರಡು ಕೂಸುಗಳೂ ಕುಡುಗೋಲಿನಿಂದ ಹೊಕ್ಕಳು ಕೊಯ್ಸಿಕೊಂಡು, ಧನುರ್ವಾಯು ಬಡಿದು ಸತ್ತಿದ್ದವು. ಈ ಸಲ ನಾನೇ ಬರುತ್ತೇನೆಂದು ಆ ಬಸುರಿಗೆ ಮಾತು ಕೊಟ್ಟಿದ್ದೆ.

ದೊಡ್ಡ ಮನೆಗೆ ಹೋದೆ. ಹೆಂಗಸರೆಲ್ಲ ಮಿಂದು ಮಡಿ ಉಟ್ಟಿದ್ದರು. ಗಂಡಸರು ಕಟ್ಟೆಯ ಮೇಲೆ ಕೂತಿದ್ದರು.

"ಅವ್ವಾರ, ಕತ್ತರಿ ಕೊಡ್ರಿ. ಕುರಿಹಟ್ಟ್ಯಾಗ ಒಬ್ಬಾಕಿ ಬ್ಯಾನಿ ತಿನ್ನಾಕತ್ತಾಳ."

"ಆಕಿಗೆ ಕುಡಗೋಲ ಇಲ್ಲೇನ?" ಎಂದಳು ಯಜಮಾನಿ.

"ಕುಡಗೋಲ ಎರಡ ಕೂಸ ತಿಂದೈತ್ರಿ."

"ಅವರ ಹಣೇಬಾರ. ನಮ್ಮ ಕೂಸಿನ ಹಣೇಬಾರ ಯಾಕ ಕೆಡಸ್ತಿ? ನಿನ್ನ ನೌಕರಿ ತಗಸ್ತೀನಿ ನೋಡ."

ಕರ್ತ ಅಂದು ನನ್ನ ಬಾಯಿ ಕಾಯ್ದ. ಕಾಲನ್ನು ಕಾಯಲಿಲ್ಲ. ನೇರ ಒಳಗೆ ನಡೆದೆ. ಮಡಿಯ ಹೆಂಗಸರು ಸೆರಗು ಎತ್ತಿಕೊಂಡು ಗೋಡೆಗೆ ಸರಿದರು. ನನ್ನ ಮೈ ತಾಗಿದರೆ ಮತ್ತೆ ಸ್ನಾನ, ಮತ್ತೆ ಮಡಿ, ಪೂಜೆ ಕೆಟ್ಟಂತೆ. ಕೋಣೆಗೆ ಹೋಗಿ ಮೊರದಿಂದ ಕತ್ತರಿ, ಚಿಮಟ ತೆಗೆದುಕೊಂಡೆ. ಹೊರಗೆ ಬರುವಾಗ ಕಟ್ಟೆಯ ಗಂಡಸರು ಎದ್ದು ನಿಂತು ಒದರಾಡಿದರು. ಒಬ್ಬನೂ ನನ್ನ ಕೈ ಹಿಡಿದು ತಡೆಯಲಿಲ್ಲ.

ಹಟ್ಟಿಯಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಅರಿಷಿಣ ಹೋಗುವ ತನಕ ಕತ್ತರಿ ಕುದಿಸಿದೆ. ಹೆಣ್ಣು ಕೂಸು. ಹುಟ್ಟಿದ ಕೂಡಲೇ ಊರಿಗೆಲ್ಲ ಕೇಳುವಂತೆ ಅತ್ತಿತು.

ದೊಡ್ಡ ಮನೆಯವರು ದೂರು ಕೊಟ್ಟರು. ಮೂರೇ ದಿನಕ್ಕೆ ವಿಜಾಪುರದ ಆರೋಗ್ಯ ಕಚೇರಿಯಲ್ಲಿ, ಸಾಹೇಬರ ಮುಂದೆ ವಿಚಾರಣೆ ನಡೆಯಿತು. ನಾನು ಬಲವಂತದಿಂದ ಕಸಿದುಕೊಂಡು ಹೋದೆನೆಂದು ಯಜಮಾನಿಯ ಆರೋಪ.

"ಮನಿತುಂಬ ಮಂದಿ ಇದ್ದ್ರಿ. ಒಬ್ಬರರ ಹಿಡದ ನಿಲ್ಲಸಬಾರ್ದಿತ್ತೇನ್ರಿ?" ಎಂದು ಸಾಹೇಬರು ಕೇಳಿದರು.

"ಅಯ್ಯ! ಇಂಥಾಕೀನ ಯಾರ ಮುಟ್ಟತಾರ್ರಿ, ಸಾಹೇಬ್ರ?" ಎಂದಳು ಯಜಮಾನಿ.

ಸಾಹೇಬರು ನಕ್ಕರು, ಗುಮಾಸ್ತರೂ ನಕ್ಕರು. ಯಾರೂ ತಡೆಯದೆ ಇದ್ದ ಮೇಲೆ ಬಲವಂತ ಎಲ್ಲಿಂದ ಬಂತು ಎಂದು ದೂರನ್ನು ತೆಗೆದುಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದ ಕತ್ತರಿ ಕೊಡಸ್ತೀನಿ ತಗೋರಿ. ಒಂದು ಪೂಜಾಕ್ಕ ಇರಲಿ" ಎಂದರು. ಮತ್ತೆ ನಕ್ಕರು. ನನ್ನನ್ನು ಮುಟ್ಟುವುದು ಹೇಸಿಗೆ ಎಂಬ ಮಾತು ಆ ಕೋಣೆಯಲ್ಲಿ ಯಾರ ಕಿವಿಗೂ ಚುಚ್ಚಲಿಲ್ಲ. ನನ್ನ ನೌಕರಿ ಉಳಿಸಿದ್ದೇ ಆ ಮಾತು. ಅಷ್ಟು ಹೇಸಿಕೆ ನನಗೆ ಯಾವ ಬಾಣಂತಿ ಕೋಣೆಯಲ್ಲೂ ಆಗಿರಲಿಲ್ಲ.

ಸುದ್ದಿ ಕೇಳಿದ ಅವ್ವ ನಿಂತಲ್ಲೇ ಮೊಣಕಾಲೂರಿದಳು. "ಕರ್ತ ದೊಡ್ಡವ. ಸ್ತೋತ್ರ ಹೇಳ, ಮಗಳ." ನಾನೂ ಊರಿದೆ. ಸ್ತೋತ್ರ ಬಾಯಿಗೆ ಬರಲಿಲ್ಲ. ಅವ್ವ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದಳು. ಮರುದಿನ ಬೆಳಿಗ್ಗೆ ದೊಡ್ಡ ಮನೆಯ ಕೂಸಿನ ಹೊಕ್ಕಳು ಮಾಗಿದೆಯೋ ಇಲ್ಲವೋ ನೋಡಲು ಹೋಗಬೇಕಿತ್ತು. "ನಾಳೆ ಆ ಮನೀಗೆ ನನ್ನ ಕೂಡ ನೀನೂ ಬಾ, ತಂದೆ. ನನ್ನೊಬ್ಬಾಕಿ ಕಡಿಂದ ಆಗಂಗಿಲ್ಲ" ಎಂದು ಪ್ರಾರ್ಥಿಸಿದೆ. ಅವ್ವ ಆಮೆನ್ ಅಂದಳು.