ಹಗ್ಗ ಹರಿಯದ ಕಥೆ

ಐದನೇ ಮಹಡಿಗೆ ಲಿಫ್ಟಿನಲ್ಲಿ ಹೋಗುವಾಗಲೇ, ಬಾಗಿಲು ಸರಿಸುವ ರೋಲರು ಸವೆದಿದೆ ಎಂದು ಲಿಫ್ಟ್ ಮೆಕ್ಯಾನಿಕ್ಕನ ಕಿವಿಗೆ ಗೊತ್ತಾಗಿಹೋಯಿತು. ಆದರೆ ಇವತ್ತು ಬಂದ ಕೆಲಸವೇ ಬೇರೆ. ಕಂಕುಳಲ್ಲಿ ಹನ್ನೊಂದು ಹಾಳೆಯ ಕಿರುಚಿತ್ರದ ಕಥೆ ಇತ್ತು. ಅವನು ಬರೆದದ್ದು, ಮಗಳು ಟೈಪು ಮಾಡಿಕೊಟ್ಟದ್ದು.

ಈಗ ನೋಡಬೇಕಿದ್ದವರು ಏಳನೇ ನಿರ್ಮಾಪಕರು. ಮೊದಲನೆಯವರು ಬಾಗಿಲ ಹೊರಗಿಂದಲೇ ಸಾಗಹಾಕಿದ್ದರು. ಮೂರನೆಯವರು ಕಥೆ ಕೇಳುತ್ತಲೇ ನಿದ್ದೆ ಹೋಗಿ, ಎಚ್ಚರವಾದ ಮೇಲೆ, ಚೆನ್ನಾಗಿದೆ, ಸ್ವಲ್ಪ ನಿಧಾನ ಆಯಿತು ಅಂದಿದ್ದರು. ಉಳಿದವರು ನಾಯಕಿ ಎಲ್ಲಿ ಅಂತ ಕೇಳಿದರು, ಇಲ್ಲವೇ ಮುಂದಿನ ವಾರ ಬಾ ಅಂದರು. ಎಂಟು ತಿಂಗಳಿಂದ ಇದೇ ಪಾಡು. ಹೋದಲ್ಲೆಲ್ಲ ‘ಹೊಸಬರಾ?’ ಎಂಬ ಪ್ರಶ್ನೆ ಬೇರೆ. ಐವತ್ತು ಮುಟ್ಟುತ್ತಿರುವ ಮನುಷ್ಯ ಅದಕ್ಕೆ ಏನು ಅಂತ ಉತ್ತರ ಕೊಡಬೇಕು?

ಬರೆಯುವ ಹುಚ್ಚೇನೂ ಅವನಿಗಿರಲಿಲ್ಲ. ಒಂದು ಕಚೇರಿಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಾಗ, ಒಳಗಿದ್ದ ಗುಮಾಸ್ತ ಹಗ್ಗ ಹರಿದು ಬೀಳುತ್ತದೆ ಅಂತ ಹೆದರಿ, ಬಾಗಿಲು ಬಿಡಿಸಿಕೊಂಡು ಸಂದಿಯಿಂದ ನುಸುಳಲು ಹೋಗಿ ಲಿಫ್ಟಿನ ಕೆಳಗಿನ ಗುಂಡಿಗೆ ಬಿದ್ದು ಸತ್ತ. ಇವನು ಓಡಿಬರುವುದು ಹತ್ತು ನಿಮಿಷ ತಡವಾಗಿತ್ತು. ಸುಮ್ಮನೆ ಒಳಗೇ ಕೂತಿದ್ದರೆ ಆ ಗುಮಾಸ್ತ ಅವತ್ತು ಮಧ್ಯಾಹ್ನ ಮನೆಗೆ ಊಟಕ್ಕೆ ಹೋಗುತ್ತಿದ್ದ. ಇವನ ಕಥೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಲಿಫ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ತಮ್ಮ ಹಾರಲು ಹೋಗುತ್ತಾನೆ, ಅಣ್ಣ ಅಂಗಿ ಹಿಡಿದು ಕೂರಿಸುತ್ತಾನೆ. ಇಪ್ಪತ್ತು ನಿಮಿಷ ಕೂರುತ್ತಾರೆ. ಅಷ್ಟೇ.

ಮನೆ ಬಿಡುವಾಗ ಹೆಂಡತಿ ಹೇಳಿ ಕಳಿಸಿದ್ದಳು. ಗಂಡನಿಗೆ ಮೂಗಿನ ತುದಿಯಲ್ಲೇ ಕೋಪ ಅನ್ನುವುದು ಅವಳಿಗೆ ಗೊತ್ತಿರದೆ ಇನ್ಯಾರಿಗೆ?

“ಅವರು ಏನಂದ್ರೂ ಹೂಂ ಅನ್ನಿ. ಒಂದ್ಸಲ ನಿಮ್ಮ ಹೆಸರು ಪರದೆ ಮೇಲೆ ಬರ್ಲಿ, ಆಮೇಲೆ ಎಷ್ಟು ಬೇಕಾದ್ರೂ ಕೂಗಾಡಿ.”

ನಿರ್ಮಾಪಕರ ಕಚೇರಿಯಲ್ಲಿ ಒಂದೂವರೆ ಗಂಟೆ ರೆಕ್ಸಿನ್ನು ಕಿತ್ತ ಸೋಫಾದಲ್ಲಿ ಕಾಯಿಸಿ, ಆಮೇಲೆ ಒಳಗೆ ಕರೆದರು. ಏಳನೆಯವರು ಮಾತ್ರ ಕಥೆಯನ್ನು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, “ಮಾಡೋಣ ಯಜಮಾನ್ರೇ,” ಅಂದರು. ಇವನು ಕುರ್ಚಿಯಲ್ಲಿ ಮುಂದಕ್ಕೆ ಸರಿದ.

“ಒಂದೇ ಒಂದು ಬದಲಾವಣೆ. ಕೊನೇಲಿ ಹಗ್ಗ ಹರೀಬೇಕು. ಅಣ್ಣ ತಮ್ಮ ಕೈ ಹಿಡ್ಕೊಂಡಿರ್ತಾರೆ, ಲಿಫ್ಟು ಸೊಂಯ್ ಅಂತ ಕೆಳಗೆ.”

ಅವನು ಮೇಜಿನ ಮೇಲಿದ್ದ ಪೆನ್ನುಗಳನ್ನೆಲ್ಲ ಎತ್ತಿ ಸಾಲಾಗಿ ಹಿಡಿದ. ಹಗ್ಗ ಅಂದರೆ ಒಂದಲ್ಲ, ಇಷ್ಟಿರುತ್ತವೆ, ಎಲ್ಲ ಉಕ್ಕಿನವು, ಒಂದು ಹೋದರೂ ಉಳಿದವು ತಡೆದುಕೊಳ್ಳುತ್ತವೆ. ಎಲ್ಲವೂ ಹೋದರೂ ಲಿಫ್ಟಿನ ಕಬ್ಬಿಣದ ಇಕ್ಕಳ ಅಕ್ಕಪಕ್ಕದ ಹಳಿಯನ್ನು ಕಚ್ಚಿ ನಿಲ್ಲಿಸುತ್ತದೆ ಅಂತ ವಿವರಿಸಿದ. ಅವರು ತಾಳ್ಮೆಯಿಂದಲೇ ಕೇಳಿದರು.

“ಅದೆಲ್ಲ ಯಾರಿಗೆ ಗೊತ್ತಾಗುತ್ತೆ?”

“ಯಾರಿಗೂ ಗೊತ್ತಿಲ್ಲ ಅಂತಾನೇ ಸಾರ್ ಬರೆದಿದ್ದು.”

ಹೂಂ ಅಂದರೆ ಮುಂದಿನ ತಿಂಗಳೇ ಶುರು, ಹೊಸಬರ ಹತ್ತಿರ ಇಷ್ಟು ಹೊತ್ತು ಯಾರೂ ಕೂರುವುದಿಲ್ಲ ಅಂದರು ನಿರ್ಮಾಪಕರು. ಆ ಮಾತು ಸುಳ್ಳಲ್ಲ. ಹೂಂ ಅನ್ನಲು ಅವನು ಬಾಯಿ ತೆರೆದದ್ದೂ ನಿಜ. ಗುಂಡಿಯಲ್ಲಿ ಕಳಚಿಬಿದ್ದಿದ್ದ ಗುಮಾಸ್ತನ ಚಪ್ಪಲಿ ಕಣ್ಣ ಮುಂದೆ ಬಂತು. ಹೂಂ ಹೊರಡಲಿಲ್ಲ. ಕೋಪವಾದರೂ ಬರಬೇಕಿತ್ತು, ಅದೂ ಬರಲಿಲ್ಲ. ಪೆನ್ನುಗಳನ್ನು ಇದ್ದಲ್ಲೇ ಇಟ್ಟು, ಹಾಳೆಗಳನ್ನು ಜೋಡಿಸಿಕೊಂಡು, “ನಿಮ್ಮ ಲಿಫ್ಟಿನ ಬಾಗಿಲಿಗೆ ಹೊಸ ರೋಲರು ಹಾಕಿಸಿ,” ಎಂದು ಹೇಳಿ ಎದ್ದ.

“ಕೂಗಾಡಿದ್ರಾ?” ಅಂತ ಮನೆಗೆ ಬಂದವನನ್ನು ಕೇಳಿದಳು ಹೆಂಡತಿ.

“ಇಲ್ಲ ಕಣೇ. ಕೂಗಾಡೋಕೂ ಆಗ್ಲಿಲ್ಲ.”

ಅವಳು ಹಾಳೆಗಳನ್ನು ಅವನ ಕೈಯಿಂದ ತೆಗೆದುಕೊಂಡು ಬೀರುವಿನಲ್ಲಿಟ್ಟಳು.

ಮರುದಿನ ಬೆಳಗ್ಗೆಯೇ ಕರೆ ಬಂತು. ಒಂದು ವಸತಿ ಕಟ್ಟಡದಲ್ಲಿ ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಯಾರೋ ಹೆಂಗಸು ಸಿಕ್ಕಿಕೊಂಡಿದ್ದಳು. ಅವನ ಜೊತೆಗಾರ ಮೋಟರನ್ನು ಕೈಯಿಂದ ತಿರುಗಿಸಿ ಲಿಫ್ಟನ್ನು ಮಹಡಿಗೆ ತರಲು ಮೇಲಕ್ಕೆ ಓಡಿದ. ಅದಕ್ಕೆ ಕಾಲು ಗಂಟೆ ಬೇಕು. ಒಳಗಿನಿಂದ ಬಾಗಿಲಿನ ಸಂದಿಗೆ ಬೆರಳು ತುರುಕಿ ಮೀಟುವ ಸದ್ದು ಬರುತ್ತಿತ್ತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು.

“ಅಮ್ಮಾ, ಬಾಗಿಲು ಮುಟ್ಬೇಡಿ. ಇಬ್ಬರು ಅಣ್ಣ ತಮ್ಮ ಇದ್ರು. ನಿಮ್ಮ ಹಾಗೇ ಒಂದಿನ ಸಿಕ್ಕಾಕೊಂಡ್ರು.”

ಸದ್ದು ನಿಂತಿತು. ಅವನು ಮೆಟ್ಟಿಲ ಮೇಲೆ ಕೂತು ಹೇಳತೊಡಗಿದ. ಎಂಟು ತಿಂಗಳಲ್ಲಿ ಎದ್ದು ಹೋಗಲಾಗದ ಕೇಳುಗರು ಅವನಿಗೆ ಸಿಕ್ಕಿದ್ದು ಇದೇ ಮೊದಲು. ಅಣ್ಣ ತಮ್ಮನ ಅಂಗಿ ಹಿಡಿಯುವ ಜಾಗಕ್ಕೆ ಬಂದಾಗ ಒಳಗಿನಿಂದ ಸಣ್ಣ ದನಿ ಕೇಳಿತು.

“ಆಮೇಲೆ? ಹಗ್ಗ ಹರೀತಾ?”

“ಹರಿಯಲ್ಲಮ್ಮ.”

ಆಮೇಲೆ ಕೈಚೀಲ ನೆಲಕ್ಕಿಟ್ಟ ಸದ್ದು. ಅದರ ಬೆನ್ನಿಗೇ, ಗೋಡೆಗೆ ಒರಗಿ ಆಕೆ ಕೆಳಗೆ ಕೂತ ಸದ್ದು.